ಗೋಡೆಗೆ ಅಂಟಿಸಿದ ಲಾಗರ್, ಹಾಳೆಯ ಮೇಲಿನ ‘ಬೆಚ್ಚಗೆ’

ನಾನು ಕೋ-ಗೈಡ್ ಆಗಿದ್ದ ಒಂದು ಪಿಎಚ್‌.ಡಿ.ಯ ಪ್ರಕರಣ ಇದು. ವಿಷಯ, ಕಟ್ಟಡದೊಳಗಿನ ಸೆಕೆ. ಮೂರನೇ ವರ್ಷದ ಪ್ರೋಗ್ರೆಸ್ ರಿವ್ಯೂ ಹೊತ್ತಿಗೆ ನಮ್ಮ ವಿದ್ಯಾರ್ಥಿನಿಯ ಕೈಯಲ್ಲಿ ಎರಡು ಸಾವಿರಕ್ಕೂ ಜಾಸ್ತಿ ತುಂಬಿದ ಹಾಳೆಗಳಿದ್ದವು. ಇಡೀ ಬೇಸಿಗೆಯ ಉಷ್ಣತೆಯ ದಾಖಲೆ ಇತ್ತು. ಕಂಪ್ಯೂಟರ್ ಮಾದರಿ ತಯಾರಾಗಿತ್ತು. ಒಂದು ಕಾನ್ಫರೆನ್ಸಿಗೆ ಅಬ್‌ಸ್ಟ್ರಾಕ್ಟ್ ಕೂಡ ಹೋಗಿತ್ತು. ರಿವ್ಯೂ ಮುಗಿದ ಹದಿನೈದೇ ದಿನದಲ್ಲಿ ಇದರಲ್ಲಿ ಬಹುಪಾಲು ಮಗುಚಿ ಬಿತ್ತು. ಕಾರಣ ಒಂದು ಟೇಪಿನ ತುಂಡು ಮತ್ತು ಒಂದು ಪದ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದು ಮುಂದೆ ಬರುತ್ತದೆ.

ಪ್ರಶ್ನೆ ಏನಾಗಿತ್ತು

ಅವಳು ಸಿವಿಲ್ ಓದಿ, ನಾಲ್ಕು ವರ್ಷ ಸೈಟಿನಲ್ಲಿ ದುಡಿದು, ಆಮೇಲೆ ಸಂಶೋಧನೆಗೆ ಬಂದವಳು. ಸ್ಲ್ಯಾಬ್ ಹಾಕಿ, ಕ್ಯೂರಿಂಗ್ ಮುಗಿಸಿ, ಬಿಲ್ ಆದ ಮೇಲೆ ಅದರ ಕೆಳಗೆ ಕೂರುವವರ ಗತಿ ಏನು ಅಂತ ಸೈಟಿನಲ್ಲಿ ಯಾರೂ ಕೇಳುವುದಿಲ್ಲ. ಅವಳು ಅದನ್ನೇ ಹಿಡಿದುಕೊಂಡಳು. ಛಾವಣಿಗೆ ಬಿಳಿ ಲೇಪನ ಕೊಟ್ಟರೆ ಸ್ಲ್ಯಾಬ್ ಕಡಿಮೆ ಕಾಯುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. ಹಳೆಯ ಕಾಂಕ್ರೀಟ್ ಮೇಲ್ಮೈ ಬಿಸಿಲಿನ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಲೇಪನ ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತದೆ. ಅವಳ ಪ್ರಶ್ನೆ ಅದರ ಮುಂದಿನದು: ಈ ವ್ಯತ್ಯಾಸ ಕೆಳಗೆ ಕೂತವರ ಮೈಗೆ ಗೊತ್ತಾಗುತ್ತದೆಯೇ?

ಒಂದು ಕಾಲೇಜಿನ ಮೇಲ್ಮಹಡಿಯಲ್ಲಿ ಅಕ್ಕಪಕ್ಕದ ಎರಡು ತರಗತಿ ಕೋಣೆಗಳು ಸಿಕ್ಕಿದವು. ಎರಡಕ್ಕೂ 150 ಮಿಲಿಮೀಟರ್ ದಪ್ಪದ ಆರ್‌ಸಿಸಿ ಸ್ಲ್ಯಾಬ್. ಎಸಿ ಇಲ್ಲ, ಫ್ಯಾನು ಮತ್ತು ಕಿಟಕಿ ಅಷ್ಟೆ. ಒಂದರ ಛಾವಣಿಗೆ ಬಿಳಿ ಲೇಪನ, ಇನ್ನೊಂದು ಇದ್ದ ಹಾಗೇ. ತೊಂಬತ್ತು ಚಿಲ್ಲರೆ ವಿದ್ಯಾರ್ಥಿಗಳು, ಎಲ್ಲರೂ 18 ದಾಟಿದವರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು. ದಿನಕ್ಕೆ ಮೂರು ಸಲ, ಹತ್ತೂವರೆಗೆ, ಹನ್ನೆರಡೂವರೆಗೆ, ಮೂರೂವರೆಗೆ, ಈಗ ಎಷ್ಟು ಸೆಕೆ ಅನಿಸುತ್ತಿದೆ ಅಂತ ಒಂದೊಂದು ಹಾಳೆ ತುಂಬಬೇಕು.

ಈ ವಿಷಯಕ್ಕೆ ಹೊಸಬರಾದವರಿಗೆ ಚೂರು ಹಿನ್ನೆಲೆ. ಡೆನ್ಮಾರ್ಕಿನ ಪಿ. ಓ. ಫ್ಯಾಂಗರ್ 1970ರಲ್ಲಿ ಒಂದು ಮಾದರಿ ಕೊಟ್ಟರು. ಮೈಗೆ ಸೆಕೆಯೋ ಚಳಿಯೋ ಅನ್ನುವುದು ಆರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ-ಛಾವಣಿಗಳಿಂದ ಮೈಗೆ ಬರುವ ವಿಕಿರಣ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ. ಎರಡನೆಯದನ್ನು ನೆನಪಿಟ್ಟುಕೊಂಡಿರಿ. ಫ್ಯಾಂಗರ್ ಮಾದರಿ ಹುಟ್ಟಿದ್ದು ಪ್ರಯೋಗಶಾಲೆಯ ಕೋಣೆಗಳಲ್ಲಿ. ಕಿಟಕಿ ತೆಗೆದು, ತೆಳು ಬಟ್ಟೆ ಹಾಕಿ, ಫ್ಯಾನಿನ ಕೆಳಗೆ ಜಾಗ ಹಿಡಿದು ಬದುಕುವ ಜನ ಅದು ಹೇಳುವುದಕ್ಕಿಂತ ಜಾಸ್ತಿ ಸೆಕೆ ತಡೆಯುತ್ತಾರೆ. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ 1998ರಲ್ಲಿ 160 ಕಟ್ಟಡಗಳ ಸುಮಾರು 21,000 ದಾಖಲೆಗಳನ್ನು ಒಟ್ಟು ಹಾಕಿ ಇದನ್ನು ಲೆಕ್ಕಕ್ಕೆ ತಂದರು. ಅವರ ಸೂತ್ರ ಸುಲಭ. ಹೊರಗಿನ ಸರಾಸರಿ ಉಷ್ಣತೆಯನ್ನು 0.31ರಿಂದ ಗುಣಿಸಿ, 17.8 ಕೂಡಿಸಿ. ಹೊರಗೆ ಸರಾಸರಿ 28 ಡಿಗ್ರಿ ಇದ್ದರೆ ಒಳಗೆ ಹಿತವಾಗುವ ಉಷ್ಣತೆ 26.5ರ ಹತ್ತಿರ. ಆಶ್ರೇ ಅನ್ನುವ, ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘದ ‘ಆಶ್ರೇ 55’ ಎಂಬ ಮಾನದಂಡಕ್ಕೆ ಇದು 2004ರಲ್ಲಿ ಸೇರಿತು. ಜೋರು ಫ್ಯಾನಿನ ಗಾಳಿ ಇದ್ದರೆ ಮೇಲಿನ ಮಿತಿಯನ್ನು ಇನ್ನೂ ಏರಿಸಬಹುದು. ಸೆಕೆಂಡಿಗೆ 0.9 ಮೀಟರ್ ಗಾಳಿಗೆ 1.8 ಡಿಗ್ರಿ ರಿಯಾಯಿತಿ.

ಚೆಂದದ ಉತ್ತರ

ಮೊದಲ ಬೇಸಿಗೆಯ ಲೆಕ್ಕ ಮುಗಿದ ದಿನ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು. “ಮೇಡಂ, 31 ಬಂತು!”

ಅಂದರೆ ಈ ವಿದ್ಯಾರ್ಥಿಗಳಿಗೆ 31 ಡಿಗ್ರಿಯಲ್ಲಿ ಸೆಕೆಯೂ ಇಲ್ಲ, ಚಳಿಯೂ ಇಲ್ಲ. ಸೂತ್ರ ಹೇಳುವುದಕ್ಕಿಂತ ನಾಲ್ಕೂವರೆ ಡಿಗ್ರಿ ಮೇಲೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಫ್ಯಾನ್ ಇದೆ, ಅಭ್ಯಾಸ ಇದೆ, ತೆಳು ಬಟ್ಟೆ ಇದೆ ಅಂತ ನಾವೇ ಕಾರಣ ಪೋಣಿಸಿದೆವು. ಉತ್ತರ ತೀರಾ ಅಸಂಬದ್ಧವಾಗಿದ್ದರೆ ಆವತ್ತೇ ಅನುಮಾನ ಬರುತ್ತಿತ್ತು. ಅದು ನಂಬಬಹುದಾದಷ್ಟೇ ದೊಡ್ಡದಾಗಿತ್ತು, ಅಲ್ವಾ, ಅದೇ ಎಡವಟ್ಟು.

ಎರಡನೇ ಫಲಿತಾಂಶ ವಿಚಿತ್ರವಾಗಿತ್ತು. ಎರಡೂ ಕೋಣೆಗಳ ಲಾಗರ್‌ಗಳು ತೋರಿಸಿದ ಉಷ್ಣತೆಯಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ಇದ್ದ ವ್ಯತ್ಯಾಸ ಅರ್ಧ ಡಿಗ್ರಿಗೂ ಕಡಿಮೆ, ಲಾಗರ್‌ನ ನಿಖರತೆಯೇ ಅರ್ಧ ಡಿಗ್ರಿ ಆಚೀಚೆ. ಆದರೂ ಬಿಳಿ ಛಾವಣಿಯ ಕೆಳಗೆ ಕೂತವರು ಸ್ವಲ್ಪ ಕಡಿಮೆ ಸೆಕೆ ಅಂತ ಬರೆದಿದ್ದರು.

ಡಾಕ್ಟರಲ್ ಕಮಿಟಿಯಲ್ಲಿ ಒಬ್ಬರು ಇದನ್ನೇ ಹಿಡಿದರು. “ಗಾಳಿಯ ಉಷ್ಣತೆ ಒಂದೇ ಇದೆ. ಆದರೂ ಇವರಿಗೆ ತಂಪು. ಮೇಲೆ ಬಣ್ಣ ಬಳಿದದ್ದು ಹುಡುಗರಿಗೆ ಗೊತ್ತಿತ್ತಲ್ಲಮ್ಮ? ನಿಮ್ಮ ಬಣ್ಣ ಸ್ಲ್ಯಾಬಿಗಿಂತ ಅವರ ತಲೆಗೇ ಜಾಸ್ತಿ ಕೆಲಸ ಮಾಡಿದೆ.” ಎಲ್ಲರೂ ನಕ್ಕರು. ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಸ್ಟ್ರಕ್ಚರಲ್ ಕಡೆಯ ಹಿರಿಯ ಪ್ರೊಫೆಸರ್ ಒಬ್ಬರು ಅಲ್ಲಿಯವರೆಗೆ ಸುಮ್ನೆ ಕೂತಿದ್ದರು. ಇದು ಅವರ ಕ್ಷೇತ್ರವೇ ಅಲ್ಲ. ಕೊನೆಗೆ ಒಂದೇ ಮಾತು ಕೇಳಿದರು. “ಲಾಗರ್ ಎಲ್ಲಿ ಇಟ್ಟಿದ್ದೀರಿ?”

“ಗೋಡೆ ಮೇಲೆ ಸರ್.”

“ಯಾವ ಗೋಡೆ?”

ಪಶ್ಚಿಮದ ಗೋಡೆ.

ಟೇಪು

ಲಾಗರ್ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಸೆನ್ಸರ್ ಒಳಗೇ ಇರುತ್ತದೆ. ಐದು ನಿಮಿಷಕ್ಕೊಮ್ಮೆ ಉಷ್ಣತೆ, ತೇವಾಂಶ ಬರೆದಿಟ್ಟುಕೊಳ್ಳುತ್ತದೆ. ಹುಡುಗರ ಕೈಗೆ ಸಿಗಬಾರದು ಅಂತ ಅವಳು ಅದನ್ನು ಎರಡು ಮೀಟರ್ ಎತ್ತರದಲ್ಲಿ, ಎರಡೂ ಬದಿ ಅಂಟುವ ಟೇಪ್ ಹಾಕಿ ಗೋಡೆಗೆ ಅಂಟಿಸಿದ್ದಳು. ಕೂತವರಿಗೆ ಅಳೆಯಬೇಕಾದ ಎತ್ತರ 0.1, 0.6 ಮತ್ತು 1.1 ಮೀಟರ್. ಕಾಲು, ಸೊಂಟ, ತಲೆ.

ಅಂಟಿಸಿದ ದಿನ ನನಗೆ ಫೋಟೋ ಕಳಿಸಿದ್ದಳು. ನಾನು ಹೆಬ್ಬೆರಳ ಗುರುತು ಒತ್ತಿದ್ದೆ. ಫೋಟೋದಲ್ಲಿ ನೀಟಾಗಿಯೇ ಕಾಣುತ್ತಿತ್ತು. ಗೋಡೆಯ ಆಚೆ ಬದಿ ಮಧ್ಯಾಹ್ನವೆಲ್ಲ ಬಿಸಿಲು ಕುಡಿಯುತ್ತದೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಆ ಕೋಣೆಗೆ ಒಂದು ಸಲ ಹೋಗಿದ್ದರೆ ಸಾಕಿತ್ತು. ನಾನು ಹೋಗಲಿಲ್ಲ.

ರಿವ್ಯೂ ಆದ ಮಾರನೇ ದಿನ ಅವಳು ಇನ್ನೊಂದು ಲಾಗರ್ ತಂದು, ಹಳೆಯದರ ಪಕ್ಕದಲ್ಲೇ ಒಂದು ಗೇಣು ಮುಂದಕ್ಕೆ, ದಾರದಲ್ಲಿ ತೂಗುಹಾಕಿದಳು. ಅಂಟಿದ ಡಬ್ಬಿಗೆ ಬೆನ್ನ ಹಿಂದೆ ಗೋಡೆ. ತೂಗಿದ್ದಕ್ಕೆ ಸುತ್ತ ಗಾಳಿ. ಬೆಳಿಗ್ಗೆ ಎರಡೂ ಹೆಚ್ಚು ಕಡಿಮೆ ಒಂದೇ ಹೇಳಿದವು. ಮಧ್ಯಾಹ್ನ ಎರಡರ ಮೇಲೆ ಅಂಟಿದ್ದು ಏರತೊಡಗಿತು. ನಾಲ್ಕು ಗಂಟೆಗೆ ನಡುವಿನ ಅಂತರ ಒಂದೂವರೆ ಡಿಗ್ರಿ ದಾಟಿತ್ತು.

ಅಲ್ಲಿಗೆ ಇಡೀ ಬೇಸಿಗೆ ನಾವು ಅಳೆದದ್ದು ಗಾಳಿಯ ಉಷ್ಣತೆಯಲ್ಲ ಅಂತಾಯಿತು. ಗೋಡೆ ಗಾಳಿ ಎರಡರ ನಡುವಿನ ಯಾವುದೋ ಒಂದು ಅಂಕಿ.

ಇದರ ಪೆಟ್ಟು ಕಂಪ್ಯೂಟರ್ ಮಾದರಿಗೂ ಬಿತ್ತು. ಕಟ್ಟಡದ ಉಷ್ಣತೆ, ಶಕ್ತಿ ಬಳಕೆಯ ಲೆಕ್ಕ ಹಾಕುವ ಎನರ್ಜಿಪ್ಲಸ್ ತಂತ್ರಾಂಶದಲ್ಲಿ ಕಟ್ಟಿದ ಮಾದರಿ ಲಾಗರ್‌ಗೆ ಹೊಂದಲಿ ಅಂತ ಅವಳು ಗಾಳಿ ಸೋರಿಕೆ, ಗೋಡೆ ಬಿಸಿಲು ಹೀರುವ ಪ್ರಮಾಣ ಎಲ್ಲವನ್ನೂ ತಿರುಗಿಸಿ ತಿರುಗಿಸಿ ಕೂರಿಸಿದ್ದಳು. ಮಾದರಿ ತಪ್ಪನ್ನೇ ಪಾಠ ಕಲಿತಿತ್ತು. ಆದರೂ ‘ಕ್ಯಾಲಿಬ್ರೇಟ್ ಆಗಿದೆ’ ಅಂತ ಪಾಸಾಗಿತ್ತು. ಯಾಕೆ ಅಂತ ಹೇಳಬೇಕು, ಯಾಕೆಂದರೆ ಈ ತಪ್ಪನ್ನು ಥೀಸಿಸ್‌ಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಆಶ್ರೇ ಗೈಡ್‌ಲೈನ್ 14ರ ಪ್ರಕಾರ ಗಂಟೆ ಗಂಟೆಯ ಲೆಕ್ಕದಲ್ಲಿ ಮಾದರಿಯ ಏರಿಳಿತದ ತಪ್ಪು ಸರಾಸರಿಯ 30% ಒಳಗಿದ್ದರೆ ಸಾಕು. ಆ ಮಿತಿ ಇರುವುದು ವಿದ್ಯುತ್ತಿನಂಥ ಶಕ್ತಿ ಬಳಕೆಗೆ. ಅದನ್ನೇ ಎತ್ತಿ ಸೆಲ್ಸಿಯಸ್‌ಗೆ ಹಚ್ಚಿದರೆ? ಸರಾಸರಿ 30 ಡಿಗ್ರಿ ಇದ್ದಾಗ 30% ಅಂದರೆ 9 ಡಿಗ್ರಿ. ಒಂಬತ್ತು ಡಿಗ್ರಿ ತಪ್ಪಿದರೂ ಪಾಸ್! ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ ಅಷ್ಟೆ, ಅಲ್ಲಿಂದ ಶೇಕಡಾ ತೆಗೆಯುವುದರಲ್ಲಿ ಅರ್ಥವೇ ಇಲ್ಲ.

ಅಬ್‌ಸ್ಟ್ರಾಕ್ಟ್ ವಾಪಸ್ ತೆಗೆದುಕೊಂಡಳು. ಆ ಈಮೇಲ್ ಬರೆಯಲು ಅವಳಿಗೆ ಎರಡು ದಿನ ಬೇಕಾಯಿತು.

ಹಲ್ಲು ಬಿದ್ದ ಬಾಯಿ

ಟೇಪಿನ ತಪ್ಪು ತೆಗೆದರೂ 31 ಪೂರ್ತಿ ಇಳಿಯಲಿಲ್ಲ. ಸುಮಾರು ಒಂದು ಡಿಗ್ರಿ ಇಳಿದು ನಿಂತಿತು. ಇನ್ನೂ ಏನೋ ಮೇಲಕ್ಕೆ ತಳ್ಳುತ್ತಿದೆ ಅಂತ ಇಬ್ಬರಿಗೂ ಅನಿಸಿತು.

ಅವಳು ಉತ್ತರಗಳ ಬಾರ್ ಚಾರ್ಟ್ ಹಾಕಿದಳು. ಈ ಕ್ಷೇತ್ರದಲ್ಲಿ ಬಳಸುವ ಪಟ್ಟಿಗೆ ಏಳು ಮೆಟ್ಟಿಲು, −3ರಿಂದ +3. ನಮ್ಮ ಹಾಳೆಯಲ್ಲಿ ಅವು ಹೀಗಿದ್ದವು: ತುಂಬಾ ಚಳಿ, ಚಳಿ, ತಂಪು, ಸರಿಯಾಗಿದೆ, ಬೆಚ್ಚಗೆ, ಸೆಕೆ, ತುಂಬಾ ಸೆಕೆ. ಇಂಗ್ಲಿಷ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದು ಮಧ್ಯಾಹ್ನದಲ್ಲಿ ಮಾಡಿದ ಅನುವಾದ. ಚಾರ್ಟಿನಲ್ಲಿ ‘ಸರಿಯಾಗಿದೆ’ ಎತ್ತರಕ್ಕಿತ್ತು, ‘ಸೆಕೆ’ ಎತ್ತರಕ್ಕಿತ್ತು, ನಡುವಿನ ‘ಬೆಚ್ಚಗೆ’ ನೆಲ ಹಿಡಿದಿತ್ತು. ಹಲ್ಲು ಬಿದ್ದ ಬಾಯಿಯ ಹಾಗೆ. ಕೋಣೆ ನಿಧಾನಕ್ಕೆ ಕಾಯುತ್ತದೆ, ಜನರ ಅನುಭವವೂ ನಿಧಾನಕ್ಕೇ ಏರಬೇಕು. ಒಂದು ಮೆಟ್ಟಿಲು ಹಾರಿ ಹೋಗುವುದು ಹೇಗೆ?

ಅವಳು ಏಳು ಚೀಟಿಗಳ ಮೇಲೆ ಏಳು ಪದ ಬರೆದು, ಸಮೀಕ್ಷೆಯಲ್ಲಿದ್ದ ಹನ್ನೊಂದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಚಳಿಯಿಂದ ಸೆಕೆಗೆ ಸಾಲಾಗಿ ಜೋಡಿಸಿ ಅಂದಳು. ನಾನೂ ಪಕ್ಕದಲ್ಲಿ ಕೂತಿದ್ದೆ. ಮೂರನೆಯ ಹುಡುಗಿ ಆರು ಚೀಟಿಗಳನ್ನು ಸರಸರನೆ ಇಟ್ಟಳು. ‘ಬೆಚ್ಚಗೆ’ ಮಾತ್ರ ಕೈಯಲ್ಲೇ ಉಳಿಯಿತು. ‘ಸರಿಯಾಗಿದೆ’ಯ ಬಲಕ್ಕೆ ಇಟ್ಟಳು, ತೆಗೆದಳು, ಎಡಕ್ಕೆ ಇಟ್ಟಳು, ಮತ್ತೆ ತೆಗೆದಳು. ಕೊನೆಗೆ ಅದನ್ನು ‘ಸರಿಯಾಗಿದೆ’ ಚೀಟಿಯ ಮೇಲೇ ಇಟ್ಟುಬಿಟ್ಟಳು. “ಬೆಚ್ಚಗೆ ಅಂದ್ರೆ ಹಿತ ಅಲ್ವಾ ಮೇಡಂ? ಹೊದ್ದು ಮಲಗಿದಾಗ ಬೆಚ್ಚಗಿರತ್ತೆ. ಕ್ಲಾಸಲ್ಲಿ ಬೆಚ್ಚಗೆ ಅಂತ ಹೇಗೆ ಹಾಕೋದು?”

“ಹಾಗಾದ್ರೆ ಸ್ವಲ್ಪ ಸೆಕೆ ಅನಿಸಿದಾಗ ಏನು ಹಾಕ್ತಿದ್ದೆ?”

“ಸರಿಯಾಗಿದೆ ಅಂತ.”

ಹನ್ನೊಂದರಲ್ಲಿ ಎಂಟು ಜನ ಇಂಥದ್ದೇ ಮಾತು ಆಡಿದರು. ಪದಕೋಶ ನೋಡಿದರೆ ಬೆಚ್ಚಗೆ ಸರಿಯಾದ ಪದವೇ. ಆದರೆ ಅದರೊಳಗೆ ಚಳಿಗಾಲ ಕೂತಿದೆ. ಸುತ್ತ ಚಳಿಯಿದ್ದಾಗಲೇ ಒಂದು ಬೆಚ್ಚಗಾಗುವುದು. ‘ಸರಿಯಾಗಿದೆ’ ಕೂಡ ತಪ್ಪು ಆಯ್ಕೆ. ಅದು ಮೈಗೆ ಏನನಿಸುತ್ತದೆ ಅನ್ನುವುದಕ್ಕಿಂತ ಒಪ್ಪಿಗೆಯನ್ನು ಹೇಳುತ್ತದೆ. ಅನುಭವ ಮತ್ತು ಒಪ್ಪಿಗೆ ಒಂದೇ ಪಟ್ಟಿಯಲ್ಲಿ ಕಲಸಿಹೋಗುವುದು ಹಳೆಯ ತೊಂದರೆ. 1936ರಲ್ಲಿ ಥಾಮಸ್ ಬೆಡ್‌ಫರ್ಡ್ ಮಾಡಿದ ಪಟ್ಟಿಯಲ್ಲೂ ಸೆಕೆ-ಚಳಿ ಮತ್ತು ಹಿತ ಒಟ್ಟಿಗೇ ಇದ್ದವು.

ಬೇಜಾರಾದದ್ದು ಇನ್ನೊಂದಕ್ಕೆ. ಸಾಕ್ಷಿ ಮೊದಲೇ ನಮ್ಮ ಕೈಯಲ್ಲಿತ್ತು. ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಕೋಣೆ ಇನ್ನೂ ತಂಪಾಗಬೇಕೇ, ಹೀಗೇ ಇರಲೇ, ಇನ್ನೂ ಕಾವು ಬೇಕೇ? ಇದನ್ನು ಎಕ್ಸೆಲ್‌ಗೆ ಹಾಕಿದ್ದಳು, ಆದರೆ ತೆರೆದು ನೋಡಿರಲಿಲ್ಲ. ಈಗ ನೋಡಿದರೆ ಮುಂಬದಿಯಲ್ಲಿ ‘ಸರಿಯಾಗಿದೆ’ ಅಂದವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಹಿಂಬದಿಯಲ್ಲಿ ‘ಇನ್ನೂ ತಂಪಾಗಬೇಕು’ ಅಂತ ಗೀಟು ಹಾಕಿದ್ದರು.

ಪಿಂಗ್‌ಪಾಂಗ್ ಚೆಂಡು

ಉಳಿದದ್ದು ಕಮಿಟಿಯ ನಗುವಿನ ಪ್ರಶ್ನೆ. ಗಾಳಿ ಒಂದೇ ಇದ್ದರೂ ಬಿಳಿ ಛಾವಣಿಯ ಕೆಳಗೆ ಸೆಕೆ ಕಡಿಮೆ ಯಾಕೆ?

ಉತ್ತರ ಫ್ಯಾಂಗರ್ ಹೇಳಿದ ಎರಡನೆಯ ಸಂಗತಿಯಲ್ಲಿತ್ತು. ಕಾದ ಸ್ಲ್ಯಾಬು ಗಾಳಿಯ ಹಂಗಿಲ್ಲದೆ ನೇರವಾಗಿ ತಲೆಗೆ, ಭುಜಕ್ಕೆ ಕಾವು ಕೊಡುತ್ತದೆ. ಎರಡು ಕೋಣೆಗಳ ಬಾಗಿಲು ಒಂದೇ ಪಡಸಾಲೆಗೆ ತೆರೆದಿದ್ದವು, ಫ್ಯಾನುಗಳು ಗಾಳಿಯನ್ನು ಕದಡುತ್ತಿದ್ದವು, ಹಾಗಾಗಿ ಗಾಳಿಯ ಉಷ್ಣತೆ ಬೇರೆಯಾಗಲಿಲ್ಲ. ಬೇರೆಯಾಗಿದ್ದು ತಲೆಯ ಮೇಲಿನ ಸ್ಲ್ಯಾಬು. ಅದನ್ನು ನಾವು ಅಳೆದೇ ಇರಲಿಲ್ಲ. ಇದನ್ನು ಅಳೆಯುವ ಗ್ಲೋಬ್ ಥರ್ಮಾಮೀಟರ್, ಅಂದರೆ 150 ಮಿಲಿಮೀಟರ್ ಅಗಲದ ಕಪ್ಪು ತಾಮ್ರದ ಗೋಳ, ನಮ್ಮ ಉಪಕರಣಗಳ ಮೊದಲ ಪಟ್ಟಿಯಲ್ಲಿತ್ತು. ಪಟ್ಟಿ ಚಿಕ್ಕದು ಮಾಡುವಾಗ ಹೋಯಿತು.

ಕಳೆದುಹೋದ ಬೇಸಿಗೆಯ ವಿಕಿರಣವನ್ನು ಯಾರೂ ವಾಪಸ್ ಅಳೆಯಲಾಗುವುದಿಲ್ಲ. ಇನ್ನೊಂದು ಬೇಸಿಗೆ ಬೇಕೇ ಬೇಕು. ಹಾಳೆ ಬದಲಾದ್ದರಿಂದ ಎಥಿಕ್ಸ್ ಕಮಿಟಿಯ ಅನುಮತಿ ಮತ್ತೆ ತರಬೇಕು. ಫೆಲೋಶಿಪ್ ಅವಧಿ ಮುಗಿಯುತ್ತಾ ಬಂದಿತ್ತು. ಆ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಿಟ್ಟು ಸೈಟಿಗೆ ವಾಪಸ್ ಹೋಗುತ್ತೇನೆ ಅಂತ ಎರಡು ಸಲ ಹೇಳಿದಳು. ಎರಡನೆಯ ಸಲ ನಾನು ಬೇಡ ಅನ್ನಲಿಲ್ಲ, ಅವಳೇ ಹೋಗಲಿಲ್ಲ.

ದೊಡ್ಡ ಗೋಳದ ಬದಲು ಪಿಂಗ್‌ಪಾಂಗ್ ಚೆಂಡು ತಂದಳು. ಈ ಕ್ಷೇತ್ರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಉಪಾಯ. 2000ನೇ ಇಸವಿಯಿಂದ ಚೆಂಡಿನ ಅಳತೆ 38ರಿಂದ 40 ಮಿಲಿಮೀಟರ್‌ಗೆ ಏರಿದೆ. ಹಳೆಯ ಪ್ರಬಂಧದ ಸೂತ್ರ ಎತ್ತುವವರು ಇದನ್ನು ನೋಡಿಕೊಳ್ಳಬೇಕು. ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ, ಒಂದು ತೂತು, ನಟ್ಟನಡುವೆ ಸೆನ್ಸರ್. ದೊಡ್ಡ ಗೋಳ ಸ್ಥಿರವಾಗಲು 20ರಿಂದ 30 ನಿಮಿಷ ಬೇಕು, ಇದಕ್ಕೆ ಅಷ್ಟು ಬೇಡ. ಆದರೆ ಚಿಕ್ಕ ಚೆಂಡಿನ ಮೇಲೆ ಗಾಳಿಯ ಹಿಡಿತ ಜಾಸ್ತಿ. ಪಕ್ಕದಲ್ಲೇ ಗಾಳಿಯ ವೇಗ ಅಳೆದು ಲೆಕ್ಕ ತಿದ್ದದಿದ್ದರೆ ಅದೂ ಸುಳ್ಳು ಹೇಳುತ್ತದೆ. ಈ ಸಲ ಎಲ್ಲವೂ ಬೆಂಚುಗಳ ನಡುವೆ, ಸ್ಟ್ಯಾಂಡಿನ ಮೇಲೆ, 1.1 ಮೀಟರ್ ಎತ್ತರದಲ್ಲಿ.

ಬಣ್ಣ ತಲೆಗೆ ಕೆಲಸ ಮಾಡಿದೆ ಅನ್ನುವ ಅನುಮಾನಕ್ಕೆ ಅವಳೇ ದಾರಿ ಹುಡುಕಿದಳು. ಎರಡು ಬ್ಯಾಚುಗಳು ವಾರಕ್ಕೊಮ್ಮೆ ಕೋಣೆ ಬದಲಿಸುವ ಹಾಗೆ ಟೈಮ್‌ಟೇಬಲ್ ಮಾಡಿಸಿದಳು. ಒಬ್ಬೊಬ್ಬರೂ ಎರಡೂ ಛಾವಣಿಗಳ ಕೆಳಗೆ ಕೂತರು. ಬಣ್ಣದ ಸುದ್ದಿ ತಲೆಯಲ್ಲಿದ್ದರೆ ಅದು ಬೆಳಿಗ್ಗೆಯ ಹಾಳೆಯಲ್ಲೂ ಕಾಣಬೇಕು. ಪದಗಳು ಬದಲಾದವು: ಸ್ವಲ್ಪ ಚಳಿ, ಚಳಿಯೂ ಇಲ್ಲ ಸೆಕೆಯೂ ಇಲ್ಲ, ಸ್ವಲ್ಪ ಸೆಕೆ. ಸೆಕೆ ಅಂದರೆ ಬೆವರು ಅಂತ ತಿಳಿಯುವವರೂ ಇದ್ದಾರೆ, ಅದಕ್ಕೆ ಬೆವರಿನದ್ದೇ ಬೇರೆ ಪ್ರಶ್ನೆ ಇಟ್ಟಳು.

ಹತ್ತೂವರೆಯ ಹಾಳೆಗಳಲ್ಲಿ ಎರಡು ಕೋಣೆಗಳಿಗೆ ವ್ಯತ್ಯಾಸವೇ ಇರಲಿಲ್ಲ. ಮೂರೂವರೆಯ ಹಾಳೆಗಳಲ್ಲಿ ಸ್ಪಷ್ಟವಾಗಿತ್ತು. 150 ಮಿಲಿಮೀಟರ್ ಕಾಂಕ್ರೀಟ್ ದಾಟಿ ಮೇಲಿನ ಬಿಸಿ ಕೆಳಗೆ ಬರಲು ಸುಮಾರು ನಾಲ್ಕು ಗಂಟೆ ಬೇಕು. ನಡು ಮಧ್ಯಾಹ್ನದ ಬಿಸಿಲು ತಲೆಗೆ ತಾಗುವುದು ಸಂಜೆ ಹೊತ್ತಿಗೆ. ಮೊದಲ ಬೇಸಿಗೆಯಲ್ಲಿ ನಾವು ದಿನದ ಮೂರೂ ಹಾಳೆಗಳನ್ನು ಕೂಡಿಸಿ ಸರಾಸರಿ ತೆಗೆದು, ಇದ್ದ ಪರಿಣಾಮವನ್ನೂ ತೆಳು ಮಾಡಿದ್ದೆವು.

ಪರಿಣಾಮ ಎಷ್ಟು? ಸ್ಲ್ಯಾಬಿನ ಅಡಿ 5 ಡಿಗ್ರಿ ತಂಪಾಗಿದ್ದು, ಕೂತವರ ಸುತ್ತಲಿನ ನೋಟದಲ್ಲಿ ಛಾವಣಿಯ ಪಾಲು ಕಾಲು ಭಾಗ ಅಂದುಕೊಳ್ಳಿ. ಸುತ್ತಲಿನ ವಿಕಿರಣದ ಉಷ್ಣತೆ ಒಂದೂಕಾಲು ಡಿಗ್ರಿ ಇಳಿಯಿತು. ಫ್ಯಾನ್ ಗಾಳಿಯಲ್ಲಿ ವಿಕಿರಣದ ಲೆಕ್ಕ ಸುಮಾರು 40%. ಮೈಗೆ ಸಿಗುವುದು ಅರ್ಧ ಡಿಗ್ರಿ. ಒಂದು ಡಿಗ್ರಿಗೆ ಅರ್ಧ ಮೆಟ್ಟಿಲು ಅನ್ನುವ, ಗ್ರಿಫಿತ್ಸ್ ವಿಧಾನದ ರೂಢಿಯ ಲೆಕ್ಕ ಹಿಡಿದರೆ ಹಾಳೆಯ ಮೇಲೆ ಕಾಲು ಮೆಟ್ಟಿಲು. ಸಿಕ್ಕಿದ್ದು ಅದಕ್ಕಿಂತ ಚೂರು ಜಾಸ್ತಿ. ಹಿತವಾದ ಉಷ್ಣತೆ 29ರ ಆಸುಪಾಸಿಗೆ ಬಂತು. ಜೊತೆಗೆ ಇನ್ನೊಂದು ತಿದ್ದುಪಡಿ. ಹಾಳೆ ಎರಡು ಸಾವಿರ ಇದ್ದರೂ ಜನ ತೊಂಬತ್ತೇ. ಒಬ್ಬರೇ ಇಪ್ಪತ್ತು ಸಲ ಹೇಳಿದರೆ ಇಪ್ಪತ್ತು ಜನ ಹೇಳಿದಂತೆ ಆಗುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದ ಮೇಲೆ ಫಲಿತಾಂಶದ ಆಚೀಚೆಯ ಅಂತರ ಅಗಲವಾಯಿತು. ಮೊದಲಿನಷ್ಟು ಚೆಂದ ಕಾಣಲಿಲ್ಲ.

ವೈವಾದಲ್ಲಿ

ಮೊದಲ ಬೇಸಿಗೆಯನ್ನು ಥೀಸಿಸ್‌ನಿಂದ ಪೂರ್ತಿ ತೆಗೆದುಬಿಡು ಅಂತ ಹಲವರು ಸಲಹೆ ಕೊಟ್ಟರು. ನನಗೂ ಒಂದು ಹಂತದಲ್ಲಿ ಹಾಗೇ ಅನಿಸಿತ್ತು. ಅವಳು ಕೇಳಲಿಲ್ಲ. ಅಂಟಿಸಿದ ಲಾಗರ್ ಮತ್ತು ತೂಗುಬಿಟ್ಟ ಲಾಗರ್‌ನ ಗೆರೆಗಳು, ಹಲ್ಲು ಬಿದ್ದ ಚಾರ್ಟು, ಚೀಟಿ ಜೋಡಿಸಿದ ಫೋಟೋ, ಎಲ್ಲವನ್ನೂ ನಾಲ್ಕನೇ ಅಧ್ಯಾಯ ಮಾಡಿದಳು. ಹೊರಗಿನ ಪರೀಕ್ಷಕರು ಜಾಸ್ತಿ ಹೊತ್ತು ಕಳೆದದ್ದು ಅಲ್ಲೇ. ಚೀಟಿಗಳನ್ನು ತಂದಿದ್ದೀರಾ ಅಂತ ಕೇಳಿದರು. ತಂದಿದ್ದಳು. ಅವರೂ ಮೇಜಿನ ಮೇಲೆ ಜೋಡಿಸಿ ನೋಡಿದರು. ‘ಬೆಚ್ಚಗೆ’ ಅವರ ಕೈಯಲ್ಲೂ ಸ್ವಲ್ಪ ಹೊತ್ತು ನಿಂತಿತು.

ಅವಳಿಗೆ ಉತ್ತರಿಸಲು ಆಗದೆ ಉಳಿದ ಪ್ರಶ್ನೆ ಒಂದೇ. ಬಿಳಿ ಬಣ್ಣದ ಮೇಲೆ ಧೂಳು ಕೂತು, ಮಳೆಗೆ ಪಾಚಿ ಕಟ್ಟಿದ ಮೇಲೆ ಈ ಕಾಲು ಮೆಟ್ಟಿಲಿನಲ್ಲಿ ಎಷ್ಟು ಉಳಿಯುತ್ತದೆ? ಆ ಕೆಲಸ ಈಗ ಒಬ್ಬ ಎಂ.ಟೆಕ್ ಹುಡುಗನ ಪಾಲಿಗೆ ಬಂದಿದೆ. ಸೆನ್ಸರ್ ಇಡುವ ಜಾಗದ ಫೋಟೋ ಕಳಿಸಲಾ ಮೇಡಂ ಅಂತ ಕೇಳಿದ. ಬೇಡ, ಏಣಿ ತಗೊಂಡು ಬಾ, ನಾನೂ ಹತ್ತುತ್ತೇನೆ ಅಂದೆ.